ಎರಡು ಗುಂಡಿನ ಕಚೇರಿ

ಸಂಗೀತದ ಹುಚ್ಚಿರುವವರಿಗೆ ಯಾವ ಊರಿನಲ್ಲೂ ಫಜೀತಿ ತಪ್ಪಿದ್ದಲ್ಲ. ಕಾಫಿ ತೋಟದ ಮಧ್ಯೆ ಮನೆಯಿದ್ದರಂತೂ ಅದೇ ವಿಳಾಸ ಕೇಳಿಕೊಂಡು ಬರುತ್ತದೆ.

ನಮ್ಮವರು ಕೊಡಗಿನ ನೆಲ್ಯಹುದಿಕೇರಿಯ ಹತ್ತಿರ ಒಂದು ಎಸ್ಟೇಟಿನ ಮ್ಯಾನೇಜರು. ನಾವು ಹಾಸನದ ಕಡೆಯವರು, ಇಲ್ಲಿಗೆ ಬಂದು ಕೆಲವು ವರ್ಷಗಳಾದವು. ನಾನು ಮೈಸೂರಿನಲ್ಲಿ ಬಿ.ಎ. ಓದುವಾಗ ರಾಮನವಮಿಯ ಕಚೇರಿಗಳನ್ನು ಕೇಳಿ ಕೆಟ್ಟವಳು. ಕೊಡಗು ಮೈಸೂರಿಗೆ ಸೇರದ ಬೇರೆಯೇ ಪುಟ್ಟ ರಾಜ್ಯ. ಮುಖ್ಯಮಂತ್ರಿಗಳಿದ್ದಾರೆ, ವಿಧಾನಸಭೆಯಿದೆ, ರೇಡಿಯೊ ನಿಲಯವಿಲ್ಲ, ನಮ್ಮ ಕಡೆ ಸಂಗೀತ ಸಭೆಯೂ ಇಲ್ಲ. ಆದ್ದರಿಂದ ಇಲ್ಲಿ ಕಚೇರಿ ಕೇಳಲು ಕಿವಿಯೊಂದೇ ಸಾಲದು. ಬ್ಯಾಟರಿ ಬೇಕು, ಬಿದಿರಿನ ಗಳ ಬೇಕು, ಎಲ್ಲಕ್ಕಿಂತ ಮೊದಲು ಅತ್ತೆಯವರ ಮನಸ್ಸು ಬೇಕು.

ಕವರಿನೊಳಗಿನ ಹೆಂಗಸು

ಮೊದಲು ಬಂದದ್ದು ಗ್ರಾಮಫೋನು. ನಮ್ಮವರಿಗೆ ಬ್ಯಾಂಡು ಎಂದರೆ ಪ್ರಾಣ. ಮೈಸೂರಿಗೆ ಹೋದಾಗ ಮಿಲಿಟರಿ ಬ್ಯಾಂಡಿನ ಪ್ಲೇಟೊಂದನ್ನು ತಂದು, ಕೀ ಕೊಟ್ಟು, ಮುಳ್ಳು ಇಟ್ಟು, ಕೈಕಟ್ಟಿ ನಿಂತರು. ಒಳಗಿಂದ ಒಬ್ಬ ಹೆಂಗಸು ಅಳು ತರಿಸುವ ಮುಖಾರಿ ರಾಗ ಶುರುಮಾಡಿದಳು.

"ಇದೇನೇ, ಬ್ಯಾಂಡಿನವರಿಗೆ ಮೈಯಲ್ಲಿ ಹುಷಾರಿಲ್ಲವಾ?" ಎಂದರು.

ಅಂಗಡಿಯವನು ಕವರು ಬದಲಾಯಿಸಿದ್ದ. ಅದನ್ನು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಂಥ ಕಂಠವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಂದು ಸ್ವರದ ಮೇಲೆ ನಿಂತು, ಅಲ್ಲೇ ಸುಧಾರಿಸಿಕೊಂಡು, ಇನ್ನೊಂದಕ್ಕೆ ಹೋಗುತ್ತಾಳೆ. ಹಾಗೇ ಏರಿ ಏರಿ ಇನ್ನೇನು ಮೇಲಿನ ಷಡ್ಜ ಮುಟ್ಟಬೇಕು, ಕರ್ರ್ ಕರ್ರ್. ಪ್ಲೇಟು ಮುಗಿಯಿತು. ಗಡಬಡಿಸಿ ಮಗ್ಗುಲು ತಿರುಗಿಸಿದೆ. ಅಲ್ಲಿ ಅವಳೇ ಆರಾಮಾಗಿ ಒಂದು ಲಾಲಿ ಹಾಡುತ್ತಿದ್ದಾಳೆ!

"ನಾಳೆ ವಾಪಸು ಕಳಿಸಿ ಬ್ಯಾಂಡು ತರಿಸ್ತೀನಿ" ಎಂದರು ನಮ್ಮವರು.

"ಖಂಡಿತ ಆಗೋದಿಲ್ಲ. ಅವಳು ಷಡ್ಜ ಮುಟ್ಟಿದಳೋ ಇಲ್ಲವೋ ಗೊತ್ತಾಗದೆ ನಾನು ಈ ಪ್ಲೇಟು ಬಿಟ್ಟುಕೊಡೋದಿಲ್ಲ."

ಪ್ಲೇಟನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಸೇರಿಸಿದೆ. ಅಂದಿನಿಂದ ನನಗೆ ಇದ್ದದ್ದು ಒಂದೇ ಆಸೆ: ಆಕೆಯ ಮುಖಾರಿಯನ್ನು ಒಂದು ಸಲ ಪೂರ್ತಿ, ನಡುವೆ ಯಾರೂ ಬಾಯಿ ಹಾಕದಂತೆ ಕೇಳಬೇಕು. ವಾರಕ್ಕೊಮ್ಮೆ ಅರ್ಧ ಕೇಳಿ ನಿಟ್ಟುಸಿರು ಬಿಡುತ್ತಿದ್ದೆ. ನೋಡಿ ನೋಡಿ ನಮ್ಮವರೇ ಕರಗಿ, "ಪಾಪ, ಅಷ್ಟು ದಿನದಿಂದ ಅಲ್ಲೇ ನಿಂತಿದ್ದಾಳೆ, ಒಂದು ಏಣಿಯಾದರೂ ಕೊಟ್ಟು ಕಳಿಸೋಣವೇ?" ಎಂದರು.

ಅವರೆಕಾಯಿ ಲೆಕ್ಕ

ನಮ್ಮತ್ತೆಯವರಿಗೆ ಸಂಗೀತದ ಮೇಲೆ ದ್ವೇಷವಿಲ್ಲ. ಅವರ ಪ್ರಕಾರ ಹಾಡು ಎನ್ನುವುದು ಕೆಲಸದ ಜೊತೆ ಇರತಕ್ಕದ್ದು. ನಾಟಿಗೊಂದು, ರಾಗಿ ಬೀಸುವುದಕ್ಕೊಂದು, ತೊಟ್ಟಿಲು ತೂಗುವುದಕ್ಕೊಂದು. ಕೈಕಟ್ಟಿ ಕೂತು ಹಾಡು ಕೇಳುವುದೆಂದರೆ ಒಲೆ ಉರಿಸಿ ಏನೂ ಬೇಯಿಸದೆ ಕೂತ ಹಾಗೆ.

ಹೀಗಾಗಿ ನಾನು ಗ್ರಾಮಫೋನಿನ ಮುಂದೆ ಕೂತದ್ದು ಕಂಡರೆ ಸಾಕು, ಅತ್ತೆ ಮೊರದ ತುಂಬ ಅವರೆಕಾಯಿ ತಂದಿಟ್ಟು ತಾವೂ ಕೂರುತ್ತಿದ್ದರು. ಬರಬರುತ್ತಾ ಯಾವ ಪ್ಲೇಟಿಗೆ ಎಷ್ಟು ಕಾಯಿ ಎಂಬ ಅವರದೇ ಲೆಕ್ಕ ಹುಟ್ಟಿಕೊಂಡಿತು.

"ಈ ಹೆಂಗಸಿನದು ಬೇಡ ಕಣೇ. ಇವಳು ಎಳೆದೂ ಎಳೆದೂ ಒಂದು ಕಾಯಿ ಬಿಡಿಸೋ ಹೊತ್ತಿಗೆ ಪ್ಲೇಟೇ ಮುಗಿದುಹೋಗುತ್ತೆ. ಆ ಮೃದಂಗದವರದು ಹಾಕು, ಕೈ ಓಡುತ್ತೆ."

"ಅತ್ತೆ, ಅದು ತನಿ ಆವರ್ತನ. ಸುಮ್ಮನೆ ಕೂತು ಕೇಳಬೇಕು."

"ಅವರೇನು ಸುಮ್ಮನೆ ಕೂತಿದ್ದಾರಾ? ಎರಡು ಕೈಯಲ್ಲೂ ದುಡೀತಾ ಇದ್ದಾರೆ. ನಿನಗೇನು ಬಂದಿದೆ?"

ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ನೆಂಟರು ಬಂದರು. ಅಡಿಗೆಮನೆಯಿಂದ ಅತ್ತೆ ಕೂಗಿದರು: "ಜನ ಜಾಸ್ತಿ ಕಣೇ! ಹುಳಿಗೆ ಮೃದಂಗ ಎರಡೂ ಮಗ್ಗುಲು ಹಾಕು!"

ಕಾರೋ ರಾಗವೋ

ಆಮೇಲೆ ರೇಡಿಯೊ ಬಂತು. ತೋಟಕ್ಕೆ ಕರೆಂಟಿಲ್ಲ, ಕಾರಿನ ಬ್ಯಾಟರಿಯೇ ಗತಿ. ಕಿಟಕಿಯ ಕೆಳಗೆ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಅಲ್ಲಿಂದ ವೈರು ಎಳೆದು ಒಳಗೆ ಕೊಡುವುದು. ದನಿ ಹಿಡಿಯುವ ಏರಿಯಲ್ ತಂತಿ ಮನೆಯ ಮುಂದಿನ ಬಿದಿರಿನ ಗಳದಿಂದ ಎದುರಿನ ಸಿಲ್ವರ್ ಓಕ್ ಮರಕ್ಕೆ.

ಒಂದು ಬೆಳಿಗ್ಗೆ ನಮ್ಮವರು ಮಡಿಕೇರಿಗೆ ಹೋಗಲು ಕೋಟು ಹಾಕಿಕೊಂಡು ಬಂದು ಕಾರು ಹತ್ತಿದರು. ಕಾರು ಕೆಮ್ಮಲೂ ಇಲ್ಲ.

"ನೆನ್ನೆ ಏನು ಕೇಳಿದೆ?"

"ಖರಹರಪ್ರಿಯ. ಬಹಳ ವಿಸ್ತಾರವಾಗಿ ಹಾಡಿದರು."

ನಮ್ಮವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟರು. "ಮುಂದಿನ ಸಲ ಸ್ವಲ್ಪ ಚಿಕ್ಕ ರಾಗ ಕೇಳೇ, ಪುಣ್ಯವಿದೆ."

ಎಸ್ಟೇಟಿನ ರೈಟರು, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತರು, ಓಡಿಹೋಗಿ ಕಾಫಿಹಣ್ಣಿನ ಪಿಕ್ಕಿಂಗಿಗೆ ಹೊರಟಿದ್ದ ಆಳುಗಳನ್ನು ಕೂಲಿಲೈನಿನ ಮನೆಗಳಿಂದ ಕರೆತಂದರು. ಎಲ್ಲರೂ ಕಾರಿಗೆ ಕೈಹಚ್ಚಿದರು. ಒಬ್ಬ ಮುದುಕ ತಮಿಳಿನಲ್ಲಿ ಒಂದು ಸೊಲ್ಲು ಎತ್ತಿದ. ಉಳಿದವರು ಒಂದೇ ದನಿಯಲ್ಲಿ ಹಿಡಿದುಕೊಂಡು ತಳ್ಳಿದರು. ಆಹಾ, ಆ ಏರುವಿಕೆ, ಆ ನಿಲುಗಡೆ! ನಾನು ಸೆರಗು ಸುತ್ತಿಕೊಂಡು ಹಿಂದೆಯೇ ಓಡಿದೆ. ಇಳಿಜಾರಿನ ಅರ್ಧದಲ್ಲಿ ಇಂಜಿನ್ನು ಗುಡುಗಿತು, ಹಾಡು ನಿಂತಿತು. ನಮ್ಮವರು ಗೆದ್ದವರ ಹಾಗೆ ಕಿಟಕಿಯಿಂದ ಕೈಬೀಸಿದರು.

ನಾನು ಏದುಸಿರು ಬಿಡುತ್ತಾ ಹೇಳಿದೆ: "ಒಂದು ನಿಮಿಷ ಇಂಜಿನ್ನು ಆರಿಸಿ. ಇನ್ನೊಂದು ಸಲ ಮೇಲಿನಿಂದ ತಳ್ಳಿಸೋಣ. ಎರಡನೇ ಸಾಲು ಸರಿಯಾಗಿ ಕೇಳಿಸಲಿಲ್ಲ."

ಅಂದಿನಿಂದ ಕಚೇರಿಯಿದ್ದ ದಿನ ನಮ್ಮವರು ಬಸ್ಸಿನಲ್ಲೇ ಹೋಗುತ್ತಾರೆ.

ಕ್ಯಾಪ್ಟನ್ನರ ತಾಳ್ಮೆ

ಪಕ್ಕದ ತೋಟದ ಯಜಮಾನರು ಕೊಡವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ಸುತ್ತಲಿನವರಿಗೆಲ್ಲ ಅವರು ಕ್ಯಾಪ್ಟನ್ನರು. ರೇಡಿಯೊ ಬಂದಿತೆಂದು ತಿಳಿದಾಗ ಮೀಸೆ ತಿದ್ದಿಕೊಂಡು, ಹೆಂಡತಿಯನ್ನು ಕರೆದುಕೊಂಡು, ಕಚೇರಿಗೆಂದೇ ಬಂದು ಕೂತರು.

ಹಾಡುವವರು ಆಲಾಪನೆ ಶುರುಮಾಡಿದರು. ಕ್ಯಾಪ್ಟನ್ನರು ಸ್ವಲ್ಪ ಹೊತ್ತು ನೋಡಿದರು.

"ಎಂಥದಮ್ಮ, ಇನ್ನೂ ಶುರು ಆಗಲಿಲ್ಲವಾ?"

"ಆಗಿದೆ ಕ್ಯಾಪ್ಟನ್ನರೇ, ಇದೇ ರಾಗ."

"ಓಹೋ. ನಾನು ಗಂಟಲು ಸರಿ ಮಾಡ್ತಾ ಇದ್ದಾರೆ ಅಂತ."

ಮತ್ತೆ ಸ್ವಲ್ಪ ಹೊತ್ತು. "ಮಾತು ಯಾವಾಗ ಬರ್ತದೆ?" ಆಮೇಲೆ, "ಮರೆತುಹೋಯ್ತೋ ಏನೋ ಪಾಪ, ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬಾರದಾ?" ಅಷ್ಟರಲ್ಲಿ ಕೃತಿ ಬಂತು, ಮೃದಂಗ ಕೂಡಿತು. ಕ್ಯಾಪ್ಟನ್ನರು ಸಮಾಧಾನದಿಂದ ಎದ್ದು ಟೋಪಿ ಹಾಕಿಕೊಂಡರು. "ಸರಿ ಅಮ್ಮ, ಶುರು ಆಯ್ತಲ್ಲ. ಇನ್ನು ಚಿಂತೆ ಇಲ್ಲ. ನಾವು ಬರ್ತೇವೆ."

ಆ ಮನೆಯಿಂದಲೇ ನಾನು ಇಲ್ಲಿಯ ಒಂದು ಪದ್ಧತಿ ಕಲಿತದ್ದು. ಒಂದು ದಿನ ನಾನು ಪ್ಲೇಟು ಹಾಕಿ ಕಣ್ಣು ಮುಚ್ಚಿದ್ದಾಗ ಅವರ ಕಡೆಯಿಂದ ಢಂ ಎಂದು ಒಂದು ಗುಂಡಿನ ಸದ್ದು. ಹೆದರಿ ಓಡಿಹೋದರೆ ಎಲ್ಲರೂ ನಗುತ್ತಿದ್ದಾರೆ. ಕ್ಯಾಪ್ಟನ್ನರಿಗೆ ಮೊಮ್ಮಗ ಹುಟ್ಟಿದ್ದ.

"ಗಂಡುಮಗು ಹುಟ್ಟಿದರೆ ಒಂದು ಗುಂಡು ಹೊಡೀತೇವಮ್ಮ. ಕೇಳಿದವರೆಲ್ಲ ಮಗು ನೋಡಲು ಬರ್ತಾರೆ. ಬಾ, ಪಾಯಸ ಉಂಟು" ಎಂದರು ಕ್ಯಾಪ್ಟನ್ನರ ಹೆಂಡತಿ.

ಪಾಯಸ ಕುಡಿದು ಬಂದೆ. ಎರಡು ಗುಂಡು ಹೊಡೆದರೆ ಏನರ್ಥ ಎಂದು ಕೇಳಿಕೊಂಡು ಬರಲಿಲ್ಲ.

ಎರಡು ಗುಂಡು

ಕೊನೆಗೂ ಆ ದಿನ ಬಂತು. ಭಾನುವಾರ ಬೆಳಿಗ್ಗೆ ಮದರಾಸಿನಿಂದ ನನ್ನ ಪ್ಲೇಟಿನ ಆಕೆಯ ಕಚೇರಿ, ಮುಖ್ಯವಾಗಿ ಮುಖಾರಿ ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮವರನ್ನು ಬಸ್ಸಿಗೆ ಕಳಿಸಿದೆ. ಅತ್ತೆಯವರಿಗೆ ನಾನೇ ಎಣ್ಣೆಯಿಟ್ಟು, ಹಿತ್ತಲ ಬಚ್ಚಲಿಗೆ ಕಳಿಸಿದೆ. ಅತ್ತೆಯವರ ಎಣ್ಣೆನೀರಿನ ಸ್ನಾನವೆಂದರೆ ಒಂದು ಪೂರ್ತಿ ಕಚೇರಿಯ ಹೊತ್ತು. ಹೋಗುವಾಗ, "ಅವರೆಕಾಯಿ ಮೂಟೆ ಬಂದಿದೆ, ಹಾಗೇ ಇದೆ" ಎಂದು ಎರಡೆರಡು ಸಲ ಹೇಳಿಯೇ ಹೋದರು.

ರೇಡಿಯೊ ಹಚ್ಚಿದೆ. ಆಕೆಯದೇ ದನಿ! ಒಂದು ಕೃತಿ ಮುಗಿಯಿತು, ಮುಖಾರಿ ಶುರುವಾಯಿತು. ಆಗ ದನಿ ಉಯ್ಯಾಲೆಯ ಹಾಗೆ ದೂರ ಹೋಗುತ್ತದೆ, ಹತ್ತಿರ ಬರುತ್ತದೆ, ಮತ್ತೆ ಮಾಯ. ಹೊರಗೆ ಬಂದು ನೋಡಿದರೆ ಏರಿಯಲ್ ತಂತಿಯ ಮೇಲೆ ಕೋತಿಗಳು ಜೋತಾಡುತ್ತಿವೆ.

ಕೂಗಿದೆ. ಕಲ್ಲು ಹೊಡೆದೆ. ದೊಡ್ಡದೊಂದು ಕೋತಿ ನನ್ನನ್ನೇ ನೋಡುತ್ತಾ ಇನ್ನೊಂದು ಸಲ ತೂಗಿತು. ತೋಟದ ಕಾವಲಿನವನು ನಮ್ಮೂರ ಕಡೆಯವನೇ, ಹೊಸದಾಗಿ ಬಂದವನು. ಜೋಡುನಳಿಗೆಯ ಕೋವಿ ಹಿಡಿದು ಬಂದ.

"ಅಮ್ಮಾವ್ರೇ, ಗಾಳಿಗೆ ಒಂದು ಈಡು ಹೊಡೆದರೆ ಓಡೋಗ್ತವೆ."

ಒಂದು! ಒಂದು ಗುಂಡು ಹೊಡೆದರೆ ಸುತ್ತಲಿನವರೆಲ್ಲ ಮಗು ನೋಡಲು ಬರುತ್ತಾರೆ. ನಲವತ್ತು ದಾಟಿದ ನನಗೆ ಗಂಡುಮಗು ಹುಟ್ಟಿತೆಂದು ಊರೆಲ್ಲ ಸುದ್ದಿಯಾದರೆ ತಲೆ ಎತ್ತಿಕೊಂಡು ತಿರುಗುವುದು ಹೇಗೆ?

"ಒಂದು ಬೇಡಪ್ಪ! ಎರಡು ಹೊಡಿ, ಒಟ್ಟೊಟ್ಟಿಗೇ ಹೊಡಿ!"

ಢಂ, ಢಂ. ಕೋತಿಗಳು ಕಾಡು ಸೇರಿದವು. ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡು ಒಳಗೆ ಬಂದು ಜಗುಲಿಯ ಬಾಗಿಲ ಬಳಿ ಕೂತೆ.

ಆಕೆ ಏರುತ್ತಿದ್ದಳು. ಪ್ಲೇಟಿನಲ್ಲಿ ಕಡಿದುಹೋಗುತ್ತಿದ್ದ ಆ ಜಾಗ ಬಂತು. ಕಣ್ಣು ಮುಚ್ಚಿದೆ. ಆಕೆ ಒಂದು ಗಳಿಗೆ ತಡೆದು, ಮೆಲ್ಲಗೆ, ಹೂವು ಮುಡಿಸುವ ಹಾಗೆ ಷಡ್ಜ ಮುಟ್ಟಿ ಅಲ್ಲೇ ನಿಂತಳು. ನನ್ನ ಕಣ್ಣಲ್ಲಿ ಧಾರಾಕಾರ ನೀರು.

ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟೆ. ಜಗುಲಿಯ ತುಂಬ ಜನ! ಕ್ಯಾಪ್ಟನ್ನರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದಾರೆ. ಅವರ ಹೆಂಡತಿ ಬಿಳಿ ಸೀರೆಯುಟ್ಟು ನನ್ನ ಪಕ್ಕದಲ್ಲೇ ಇದ್ದಾರೆ. ಅಂಗಳದಲ್ಲಿ ರೈಟರು, ಲೈನಿನವರು ತಲೆ ತಗ್ಗಿಸಿ ನಿಂತಿದ್ದಾರೆ. ಯಾರೂ ಪಿಟಕ್ಕೆನ್ನುತ್ತಿಲ್ಲ.

ನನಗೆ ಹಿಗ್ಗೋ ಹಿಗ್ಗು. ಅಂತೂ ಇಂತೂ ಈ ಸೀಮೆಗೆ ಸಂಗೀತ ಕೇಳುವುದು ಬಂತಲ್ಲ! ಕ್ಯಾಪ್ಟನ್ನರು ಒಂದೇ ಒಂದು ಸಲವೂ ಶುರು ಆಯಿತಾ ಎಂದು ಕೇಳಲಿಲ್ಲ. ನಾನು ಅಳುತ್ತಲೇ ಅವರಿಗೆ ತಲೆದೂಗಿದೆ. ಅವರೂ ಗಂಭೀರವಾಗಿ ತಲೆದೂಗಿದರು. ಅವರ ಹೆಂಡತಿ ನನ್ನ ಬೆನ್ನು ಸವರಿದರು. ಎಂಥ ರಸಿಕರು ಎಂದುಕೊಂಡು ಇನ್ನಷ್ಟು ಅತ್ತೆ. ಮಂಗಳದವರೆಗೆ ಎಲ್ಲರೂ ಹಾಗೇ ಕೂತಿದ್ದರು. ಈ ತೋಟಕ್ಕೆ ಬಂದ ಮೇಲೆ ಮೊದಲ ಸಲ, ಯಾರೂ ಬಾಯಿ ಹಾಕದೆ, ಒಂದು ಕಚೇರಿಯನ್ನು ಪೂರ್ತಿ ಕೇಳಿದೆ.

ರೇಡಿಯೊ ಆರಿಸಿದೆ. ಕ್ಯಾಪ್ಟನ್ನರು ತಗ್ಗಿದ ದನಿಯಲ್ಲಿ ಕೇಳಿದರು: "ಧೈರ್ಯ ತಂದುಕೋಬೇಕಮ್ಮ. ವಯಸ್ಸಾದವರು. ಒಳಗೆ ಮಲಗಿಸಿದ್ದೀರಾ?"

"ಯಾರನ್ನು?"

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಅತ್ತೆಯವರು ಒದ್ದೆ ತಲೆಗೆ ಪಂಚೆ ಸುತ್ತಿಕೊಂಡು, ಮೈಯಿಂದ ಹಬೆಯಾಡುತ್ತಾ ಬಂದರು. ಕ್ಯಾಪ್ಟನ್ನರ ಹೆಂಡತಿ ಕಿಟಾರನೆ ಕಿರುಚಿದರು. ಬಿಳಿ ಸೀರೆ, ಅಷ್ಟೊಂದು ಜನ, ನನ್ನ ಅತ್ತ ಮುಖ ಎಲ್ಲ ನೋಡಿ ಅತ್ತೆಯವರು ಎದೆ ಬಡಿದುಕೊಂಡರು. "ಅಯ್ಯೋ, ಯಾರು ಹೋದರಪ್ಪಾ!"

"ನೀವೇ!" ಎಂದರು ಕ್ಯಾಪ್ಟನ್ನರು.

ಆಮೇಲೆ ಎಲ್ಲ ಬಿಡಿಸಿ ಹೇಳಿದರು. ಒಂದರ ಬೆನ್ನಿಗೆ ಒಂದು ಎರಡು ಗುಂಡು ಕೇಳಿದರೆ ಆ ಕಡೆ ಸಾವಾಗಿದೆ ಎಂದರ್ಥ. ಕೇಳಿದವರು ಕೆಲಸ ಬಿಟ್ಟು, ಹೆಂಗಸರಾದರೆ ಬಿಳಿ ಸೀರೆಯುಟ್ಟು, ಬರಬೇಕು.

"ಆದರೆ ನಾವು ಹಾಸನದವರಲ್ಲವೇ?" ಎಂದೆ ಸಣ್ಣ ದನಿಯಲ್ಲಿ.

"ಕೋವಿಗೆ ಅದೆಲ್ಲ ಗೊತ್ತಾಗ್ತದಾ ಅಮ್ಮ?"

ನಾನು ನೆಲ ನೋಡುತ್ತಾ ನಿಂತೆ. ಅತ್ತೆಯವರು ಕೂಗಾಡುತ್ತಾರೆ, ರೇಡಿಯೊ ಅಟ್ಟ ಸೇರುತ್ತದೆ, ಆಕೆಯ ದನಿ ಇನ್ನು ಟ್ರಂಕಿನಲ್ಲೇ ಎಂದುಕೊಂಡೆ. ಆದರೆ ಅತ್ತೆಯವರು ಮೆಲ್ಲಗೆ ಕುರ್ಚಿಯಲ್ಲಿ ಕೂತು, ಜಗುಲಿಯ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಇಷ್ಟು ಜನಾನೂ ನನಗೋಸ್ಕರ ಬಂದದ್ದಾ?"

"ಹೌದು ಅಮ್ಮ."

"ಪರವಾಗಿಲ್ಲ" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಆ ಮೇಲಿನ ಬಂಗಲೆಯವರು ಯಾಕೆ ಬಂದಿಲ್ಲ? ವರ್ಷವಿಡೀ ನಮ್ಮನೆ ಉಪ್ಪಿನಕಾಯಿ ಬೇಕು ಅವರಿಗೆ!"

ಎಲ್ಲರಿಗೂ ಕಾಫಿಯಾಯಿತು. ಕ್ಯಾಪ್ಟನ್ನರು ಹೊರಡುವಾಗ, "ಹಾಡು ಚೆನ್ನಾಗಿತ್ತಮ್ಮ. ಇವತ್ತು ಬೇಗ ಶುರು ಆಯ್ತು" ಎಂದರು.

ಮನೆ ಖಾಲಿಯಾದ ಮೇಲೆ ಅತ್ತೆಯವರು ನನ್ನನ್ನು ಕರೆದರು. "ಇಷ್ಟು ಜನ ಎಷ್ಟು ಹೊತ್ತು ಕೂತಿದ್ದರು?"

"ಕಚೇರಿ ಮುಗಿಯುವವರೆಗೂ, ಅತ್ತೆ. ಒಬ್ಬರೂ ಮಾತಾಡಲಿಲ್ಲ."

"ಕೈಯಲ್ಲಿ ಏನೂ ಇರಲಿಲ್ಲವಾ?"

"ಇಲ್ಲ."

ಅತ್ತೆಯವರು ಮೂಲೆಯಲ್ಲಿದ್ದ ಮೂಟೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಮುಂದಿನ ಸಲ ಎರಡು ಗುಂಡು ಹೊಡೆಸೋ ಮುಂಚೆ ನನಗೊಂದು ಮಾತು ಹೇಳೇ. ಅವರೆಕಾಯಿ ಜಗುಲಿಗೆ ತರಿಸಿಟ್ಟು ಆಮೇಲೆ ಸ್ನಾನಕ್ಕೆ ಹೋಗ್ತೀನಿ."