ಟೇಪು ಸುತ್ತಿದ ಡಬ್ಬಿ

ಬಾಗಿಲು ಕಾಯುವವನಿಗೆ ಇಂಥ ಡಬ್ಬಿಗಳು ತಪ್ಪುವುದಿಲ್ಲ. ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆ ಗೇಟಿನಲ್ಲಿ ಮೂವತ್ತು ವರ್ಷ ನಿಂತೆ. ಊಟದ ಡಬ್ಬಿಯಲ್ಲಿ ಯಂತ್ರದ ಬೇರಿಂಗ್ ಕದ್ದು ಸಾಗಿಸುವವರನ್ನು ಕಂಡವನು ನಾನು. ಈಗ ಕೋಥರೂಡಿನಲ್ಲಿ, ಮನೆ ಹತ್ತಿರದ ಚಿತ್ರಕಲಾ ಕಾಲೇಜಿನಲ್ಲಿ ಕಾವಲು. ಹೋದ ತಿಂಗಳು ಅಲ್ಲಿ ವಿದ್ಯಾರ್ಥಿಗಳ ಪ್ರದರ್ಶನ. ವಿಷಯ: ಮಾತಿಗೆ ಅರ್ಥ ಎಲ್ಲಿಂದ ಬರುತ್ತದೆ. ಅನುಮಾನ ನನಗೆ ಅಲ್ಲಿಂದಲೇ ಶುರು.

೧. ಒಳಗೆ ಬಂದದ್ದು

ಒಬ್ಬ ಹುಡುಗಿ ತಗಡಿನ ಡಬ್ಬಿ ತಂದಳು. ಸುತ್ತ ಟೇಪು. ನಮ್ಮ ಕಲಬುರ್ಗಿ ಕಡೆಯವಳು.

"ತೆಗಿ" ಎಂದೆ.

"ಬ್ಯಾಡ್ರೀ ಅಜ್ಜಾರ! ತೆಗದ್ರ ನನ್ನ ಕೆಲಸಾನೇ ಹಾಳು. ನಾಳೆ ಪರೀಕ್ಷಕರು ಬರ್ತಾರ. ಫೇಲಾದ್ರ ಮತ್ತ ಒಂದು ವರ್ಷ ಕೂಡಬೇಕ್ರಿ."

ನೋಡಿದವರು ಒಳಗೇನಿದೆ ಎಂದು ಚೀಟಿಯಲ್ಲಿ ಬರೆಯಬೇಕಂತೆ. ಯಾರೂ ತೆರೆಯಬಾರದಂತೆ. ಇನ್ನೊಬ್ಬರ ಮನಸ್ಸೂ ಹಾಗೇ, ಒಳಗಿದ್ದದ್ದು ಕಾಣದು, ಬರೀ ಮಾತು ನಂಬಬೇಕು ಎಂದಳು.

"ಒಳಗ ಏನದ?"

"ನನಗೂ ಗೊತ್ತಿಲ್ರಿ. ಗೆಳತಿ ತುಂಬಿ ಕೊಟ್ಟಾಳ."

ಗೇಟಿನಲ್ಲಿ ಸಿಕ್ಕಿಬಿದ್ದವರೆಲ್ಲ ಇದನ್ನೇ ಹೇಳುತ್ತಿದ್ದರು.

೨. ಚೀಟಿಗಳು

ಒಳಗೆ ಬಿಟ್ಟೆ. ಪಕ್ಕದಲ್ಲೇ ಸ್ಟೂಲು ಹಾಕಿ ಕೂತೆ. ಯಾರೂ ಇಲ್ಲದಾಗ ಡಬ್ಬಿ ಅಲ್ಲಾಡಿಸಿದೆ. ಸದ್ದಿಲ್ಲ. ಮೂಸಿದೆ. ವಾಸನೆಯಿಲ್ಲ. ಅನುಮಾನ ಹೆಚ್ಚಾಯಿತು.

ಒಬ್ಬರು ಇಲ್ಲಿಯ ಕರಿದ ತಿಂಡಿ 'ಭಾಕರವಡಿ' ಎಂದು ಬರೆದರು. ಆಮೇಲೆ ಗಂಡ ಹೆಂಡತಿ ಬಂದರು. ಆಕೆ ಬರೆದದ್ದು: 'ನಮ್ಮ ಯಜಮಾನರು ನನಗೆ ಹೇಳದೆ ಇಟ್ಟದ್ದು.'

ಗಂಡ ಓದಿದ. ಟೇಪನ್ನು ಸುತ್ತಲೂ ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದ.

೩. ಪರೀಕ್ಷಕರು

ಮರುದಿನ ಪರೀಕ್ಷಕರು ಬಂದರು. ಡಬ್ಬಿ ನೋಡಿದರು, ಹುಡುಗಿಯನ್ನು ನೋಡಿದರು. ನನಗಿಂತ ಅನುಮಾನದ ಮನುಷ್ಯ.

"ಖಾಲಿ ಡಬ್ಬಿ ಇಟ್ಟು ತತ್ವ ಹೇಳುವವರನ್ನು ಬಹಳ ಕಂಡಿದ್ದೇನೆ. ತೆರೆಯಿರಿ" ಎಂದರು ಮರಾಠಿಯಲ್ಲಿ.

ಹುಡುಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಎದ್ದು ಅಡ್ಡ ನಿಂತೆ.

"ತೆರೆಯುವ ಹಾಗಿಲ್ಲ."

"ಒಳಗೇನಿದೆ, ನಿಮಗೆ ಗೊತ್ತೇ?"

"ಗೊತ್ತು."

"ಏನು?"

"ಹೇಳುವುದಿಲ್ಲ."

ಬಹಳ ಹೊತ್ತು ನನ್ನ ಮುಖ ನೋಡಿದರು. ನಾನೂ ನೋಡಿದೆ. ಕೊನೆಗೆ ನಕ್ಕು ಹುಡುಗಿಯ ಕಡೆ ತಿರುಗಿದರು. "ಕಣ್ಣಿಂದ ಕಾಣದೆ, ಇವರೊಬ್ಬರ ಮಾತು ನಂಬಿಬಿಟ್ಟೆ. ನಿನ್ನ ಕೆಲಸ ಗೆದ್ದಿತು. ಪಾಸ್" ಎಂದು ಬರೆದುಕೊಂಡು ಹೋದರು.

ಹುಡುಗಿ ಓಡಿ ಬಂದು ನನ್ನ ಕೈ ಹಿಡಿದಳು. ಕಣ್ಣಲ್ಲಿ ನೀರು. ನನಗೂ ಒಂಥರಾ ಆಯಿತು. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದುಕೊಂಡೆ.

ಅವಳು ಟೇಪು ನೋಡಿದಳು. ನನ್ನನ್ನು ನೋಡಿದಳು. ದನಿ ತಗ್ಗಿಸಿದಳು.

"ಅಜ್ಜಾರ, ಖರೇ ಹೇಳ್ರಿ. ಯಾವಾಗ ತೆಗದು ನೋಡಿದ್ರಿ?"