ಹಳದಿ ಕಂಡರೆ ಕೂಗುವ ಯಂತ್ರ

“ಸೂಜಿ ಬೇಡ, ರಕ್ತ ಬೇಡ! ಹಣೆಗೆ ಮುಟ್ಟಿಸಿದರೆ ಸಾಕು, ಕೂಸಿಗೆ ಕಾಮಾಲೆ ಇದೆಯೋ ಇಲ್ಲವೋ ಇದೇ ಬಾಯಿಬಿಟ್ಟು ಹೇಳುತ್ತೆ!” ಎಂದು ಮೌನಾಚಾರರು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಸಾರಿದರು. ಹೆಸರು ಮೌನಾಚಾರ್, ಬಾಯಿ ಮಾತ್ರ ಊರಗಲ! ತಿಪಟೂರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಮನುಷ್ಯ, ಮಗಳು ವನಮಾಲ ಬಸುರಿ ಎಂದು ತಿಳಿದದ್ದೇ ಅಂಗಡಿ ಬಾಗಿಲು ಹಾಕಿ ಈ ಯಂತ್ರ ಕಟ್ಟಲು ಕೂತಿದ್ದರು.

ಯಾಕೆಂದು ಹೆಂಡತಿ ಸರ್ವಮಂಗಳಮ್ಮನಿಗೆ ಗೊತ್ತಿತ್ತು. ವನಮಾಲಳಿಗಿಂತ ಮೊದಲು ಅವರಿಗೊಂದು ಚೊಚ್ಚಲ ಗಂಡುಮಗುವಿತ್ತು. ಅದಕ್ಕೆ ಕಾಮಾಲೆ ಏರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಎರೆಯುವವಳು ಹಚ್ಚಿದ ಅರಿಶಿನ ಅಂದುಕೊಂಡರು! ಹಾಲು ಕುಡಿಯುವುದನ್ನು ಬಿಟ್ಟಮೇಲೆ ಎತ್ತಿಕೊಂಡು ಓಡಿದರು, ಬರಿಗೈಲಿ ಮನೆಗೆ ಬಂದರು. ಆಮೇಲೆ ಗಂಡ ಹೆಂಡತಿ ಆ ಮಾತು ಎತ್ತಲೇ ಇಲ್ಲ.

“ಮೊದಲು ದೊಡ್ಡವರ ಮೇಲೆ ತೋರಿಸಿ ಬೀಗರೇ” ಎಂದು ವನಮಾಲಳ ಅತ್ತೆ ಕಮಲಾಕ್ಷಮ್ಮ ಮುಖ ಒಡ್ಡಿದರು. ಕೆನ್ನೆ ತುಂಬ ಅರಿಶಿನ!

“ಕಾಮಾಲೆ! ಕಾಮಾಲೆ! ಆಸ್ಪತ್ರೆಗೆ ಓಡಿ!” ಎಂದು ಯಂತ್ರ ಕಿರುಚಿತು.

“ಅಯ್ಯೋ ಇದರ ಬಾಯಿಗೆ ಮಣ್ಣು ಹಾಕ! ನನಗಾ ಕಾಮಾಲೆ?”

“ಒಂದೇ ಸ್ಕ್ರೂ ತಾಯಿ, ಈಗ ಸರಿ ಮಾಡ್ತೀನಿ!”

ಸ್ಕ್ರೂ ತಿರುವಿದ್ದೇ ತಡ, ಯಂತ್ರ ಹೊಸ್ತಿಲು ನೋಡಿ ಕೂಗಿತು, ನಿಂಬೆಹಣ್ಣು ನೋಡಿ ಕೂಗಿತು. ಚಿತ್ರಾನ್ನದ ಪಾತ್ರೆ ಕಂಡದ್ದೇ ತಾನೇ ಆಂಬುಲೆನ್ಸಿಗೆ ಫೋನು ಮಾಡಿತು! ಓಡಿಬಂದ ಡ್ರೈವರ್ ಲೋಕೇಶಪ್ಪನಿಗೆ ರೋಗಿಯ ಬದಲು ಚಿತ್ರಾನ್ನ ತೋರಿಸಬೇಕಾಯಿತು. ಅವನು ಒಂದು ತಟ್ಟೆ ತಿಂದೇ ಹೋದ.

ಕೊನೆಗೆ ಕೂಸಿನ ಹಣೆಗೆ ಮುಟ್ಟಿಸಿದರು. ಅಲ್ಲೂ ಅದೇ ಕೂಗು.

“ಅದೂ ಅರಿಶಿನವೇ ಬಿಡಿ! ಬೆಳಗ್ಗೆ ಹಚ್ಚಿ ಎರೆದಿದ್ದಾರಲ್ಲ” ಎಂದರು ಕಮಲಾಕ್ಷಮ್ಮ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೌನಾಚಾರರೂ ನಾಚಿಕೊಂಡು ಸ್ಕ್ರೂಗೆ ಕೈ ಹಾಕಿದರು.

ಸರ್ವಮಂಗಳಮ್ಮ ದಡಕ್ಕನೆ ಎದ್ದರು. ಅವತ್ತೂ ಇದೇ ಮಾತು ಆಡಿದ್ದರಲ್ಲ! “ಮುಟ್ಟಬೇಡಿ ಅದನ್ನ!” ಎಂದು ಗಂಡನನ್ನು ಗದರಿ, ಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಕೂಸಿನ ಮೈ ಒರೆಸಿದರು. ಬಟ್ಟೆಗೆ ಅರಿಶಿನವೇನೋ ಬಂತು. ಕೂಸಿನ ಮೈ ಮಾತ್ರ ಹಳದಿಯಾಗಿಯೇ ಇತ್ತು, ಕಣ್ಣಿನ ಬಿಳಿ ಕೂಡ.

“ಏಳೇ ವನಮಾಲ, ಆಸ್ಪತ್ರೆಗೆ!”

ಆಸ್ಪತ್ರೆಯಲ್ಲಿ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. “ಸರಿಯಾದ ಹೊತ್ತಿಗೆ ತಂದಿರಿ, ಹೆದರಬೇಡಿ” ಎಂದರು ಡಾಕ್ಟರಮ್ಮ. ಸರ್ವಮಂಗಳಮ್ಮ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು. ಇಷ್ಟೇನಾ? ಒಂದು ದೀಪದ ಕೆಳಗೆ ಮಲಗಿಸಿದ್ದರೆ ಆ ಮಗುವೂ ಉಳಿಯುತ್ತಿತ್ತಾ?

ಕೂಸು ಗುಣವಾಗಿ ಮನೆಗೆ ಬಂತು. ಅದಕ್ಕೆ ಹಾಕಲೆಂದು ಸರ್ವಮಂಗಳಮ್ಮ ಟ್ರಂಕಿನ ತಳದಿಂದ ಒಂದು ಕುಲಾವಿ ತೆಗೆದರು, ಚೊಚ್ಚಲ ಮಗನದು. ಬೆಳ್ಳಗಿದ್ದದ್ದು ಇಟ್ಟಲ್ಲೇ ಹಳದಿಗಟ್ಟಿತ್ತು. ಮೌನಾಚಾರರು ಅದನ್ನು ನೋಡಿ, ಮಾತು ಬಾರದೆ ಹೆಂಡತಿಯ ಪಕ್ಕ ಕೂತರು. ಮೇಜಿನ ಮೇಲಿದ್ದ ಯಂತ್ರ ಸುಮ್ಮನಿರಬೇಕಲ್ಲ!

“ಕಾಮಾಲೆ! ಕಾಮಾಲೆ! ಮಗುವನ್ನು ಈಗಲೇ ಆಸ್ಪತ್ರೆಗೆ ಒಯ್ಯಿರಿ!”

ಆರಿಸಿದರೂ ನಿಲ್ಲದು, ಬ್ಯಾಟರಿ ಕಿತ್ತರೂ ನಿಲ್ಲದು! ಆಂಬುಲೆನ್ಸೂ ಬಂದೇಬಿಟ್ಟಿತು.

“ಇವತ್ತೇನಮ್ಮ, ಕೇಸರಿಬಾತಾ?” ಎಂದು ನಗುತ್ತಾ ಇಳಿದ ಲೋಕೇಶಪ್ಪ.

ಸರ್ವಮಂಗಳಮ್ಮ ಕುಲಾವಿಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದರು.

“ಇಲ್ಲಪ್ಪ, ನನ್ನ ಚೊಚ್ಚಲ ಮಗ. ಕರೆದ ಕೂಡಲೆ ಬಂದೆ, ಪುಣ್ಯಾತ್ಮ. ಕರೆದದ್ದೇ ಸ್ವಲ್ಪ ತಡವಾಯ್ತು.”