ಮಾಮಾನ ಕಂಪ್ಯೂಟರ್ ಏಳೂತನಕಾ

ಕಂಪ್ಯೂಟರ್ ಇಟ್ಟ ಅಂಗಡಿಗೆ ದಿನಾ ಒಬ್ಬ ಶ್ಯಾಣ್ಯಾ ಬಂದ ಬರ್ತಾನ, ಬಂದವ ನಮಗ ನಗಾಕ ಏನಾರ ಒಂದು ಬಿಟ್ಟ ಹೋಗ್ತಾನ. ಯಾರೂ ಬರಲಿಲ್ಲಂದ್ರೂ ಚಿಂತಿಲ್ಲ, ನಮ್ಮ ಮಾಮಾ ಅಂತೂ ಅಲ್ಲೇ ಇರ್ತಾನ.

ಗಂಗಾವತಿ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಾಗ ಮಾಮಾಂದು ಆನ್‌ಲೈನ್ ಅಂಗಡಿ. ಪಹಣಿ ತಗದು ಕೊಡೂದು, ಅರ್ಜಿ ತುಂಬೂದು, ಫೋಟೋ ಹೊಡಿಯೂದು. ನಾ ಹತ್ತನೇ ಕ್ಲಾಸಿನ ಗಣಿತದ ಪೇಪರಿನಾಗ ಮಾಸ್ತರ ಚಿತ್ರಾ ಬರದು ಎದ್ದು ಬಂದವ. ಚಿತ್ರಾ ಛಲೋ ಬಂದಿತ್ತು, ಮಾರ್ಕ್ಸ್ ಬರಲಿಲ್ಲ. ಅವ್ವ ನನ್ನ ತಂದು ಮಾಮಾನ ಅಂಗಡ್ಯಾಗ ಕುಂದ್ರಿಸಿದ್ಲು. ಮಾಮಾ ಅವತ್ತ ಹೇಳಿಬಿಟ್ಟ:

"ನೋಡ ಅಳಿಯಾ, ಅಂಗಡಿ ನಡಿಯೂತನಕಾ ನೀ ಕುರ್ಚಿ ಮ್ಯಾಲೆ. ಮುಚ್ಚಿತು ಅಂದ್ರ ಶ್ರೀರಾಮನಗರದ ರೈಸ್ ಮಿಲ್ಲಿನಾಗ ತೌಡಿನ ಚೀಲದ ಕೆಳಗ. ಅಲ್ಲೆ ಮಾತಾಡಿ ಇಟ್ಟೀನಿ."

ನನ್ನ ಮೈ ನೋಡಿದವ್ರಿಗೆ ಗೊತ್ತಾಗತೈತಿ, ತೌಡಿನ ಚೀಲಾನ ನನ್ನ ಹೊತ್ಕೊಂಡು ಹೋಗಬೇಕು. ಅದಕ್ಕ ಅಂಗಡಿ ಉಳಿಬೇಕು ಅಂತ ಮಾಮಾನಕಿಂತ ಹೆಚ್ಚು ಬೇಡ್ಕೊಂಡವ ನಾನು.

೧. ಕಟಿಂಗ್ ಅಂಗಡಿಗೆ ಸುಗ್ಗಿ

ಮಾಮಾನ ಕಂಪ್ಯೂಟರಿನಾಗ ಇದ್ದದ್ದು ತಿರಗೂ ಹಾರ್ಡ್ ಡಿಸ್ಕು, ಅದರ ಮ್ಯಾಲೆ ಹೊಸಾ ವಿಂಡೋಸು. ಮುದಿ ಎತ್ತಿನ ಮ್ಯಾಲೆ ಮದುವಿ ಸಾಮಾನು ಹೇರಿದಂಗ. ಗುಂಡಿ ಒತ್ತಿದ್ರ ಮೊದ್ಲ ಕರ್ ಕರ್ ಅಂತಿತ್ತು, ಆಮ್ಯಾಲೆ ಸ್ಕ್ರೀನ್ ಮ್ಯಾಲೆ ಬಿಳಿ ಚುಕ್ಕಿ ದುಂಡಕ ತಿರಗಾಕ ಹತ್ತತಿದ್ದವು. ತಿರಗತಾವ, ತಿರಗತಾವ, ಎಲ್ಲಿಗೂ ಹೋಗೂದಿಲ್ಲ. ಅವು ತಿರಗೂತನಕಾ ಗಿರಾಕಿ ಎದ್ದು ಹೋಗದಂಗ ನಗಿಸಿಕೋತ ಕುಂದ್ರೂದ ನನ್ನ ನೌಕರಿ.

ಒಂದಿನ ಅಳವಂಡಿ ಕಡೆಯ ಅಜ್ಜಾ ಒಬ್ಬ ಬಂದ, ಅರ್ಜಿಗೆ ಫೋಟೋ ಬೇಕಂತ. ಮೀಸಿ ಎರಡೂ ಕಡೆ ಕೊಡಲಿ ಇದ್ದಂಗ.

"ಯಜಮಾನ್ರ, ಚೂರು ತಡಾ ಆಗತೈತ್ರಿ. ಈಗಷ್ಟ ಚಾಲೂ ಮಾಡೀವಿ," ಅಂದೆ.

"ಆಗ್ಲಿ ತಮ್ಮಾ, ಅಷ್ಟ್ರಾಗ ಬಾಜೂಕ ದಾಡಿ ಮಾಡಿಸ್ಕೊಂಡ ಬರ್ತೀನಿ. ಫೋಟೋ ಚೊಕ್ಕ ಬರತೈತಿ."

ಬಾಜೂದ ಕಟಿಂಗ್ ಅಂಗಡಿಯವ ದಾಡಿ ಮುಗಿಸಿ ಹಣಿಕಿ ಹಾಕಿದ. ಚುಕ್ಕಿ ತಿರಗಾಕತ್ತಿದ್ವು. ಕೂದ್ಲಾ ಕತ್ತರಿಸಿ ಹಣಿಕಿ ಹಾಕಿದ. ಚುಕ್ಕಿ ತಿರಗಾಕತ್ತಿದ್ವು. ಅವನ ಕೈ ಸುಮ್ನ ಇರೂ ಕೈ ಅಲ್ಲ. ಅಜ್ಜಾ ಕುರ್ಚಿಯಾಗ ಗೊರಕಿ ಹೊಡಿಯಾಕ ಹತ್ತಿದ್ದ. ಮೀಸಿ ಒಂದು ಕಡೆ ಸಣ್ಣ ಮಾಡಿದ, ಅದಕ್ಕ ಜೋಡಿ ಆಗಲಿ ಅಂತ ಇನ್ನೊಂದು ಕಡೆ ಸಣ್ಣ ಮಾಡಿದ, ಸರಿ ಮಾಡಿಕೋತ ಮಾಡಿಕೋತ ಪೂರಾ ತಗದಬಿಟ್ಟ. ಮೀಸಿ ಹೋದ ಮ್ಯಾಲೆ ತಲಿ ಒಂದ ಯಾಕ ಅಂತ ಅದನ್ನೂ ನುಣ್ಣಗ ಮಾಡಿದ.

ಅಜ್ಜಾ ಎದ್ದು ನಮ್ಮ ಅಂಗಡಿಗೆ ಬಂದಾಗ ಕಂಪ್ಯೂಟರ್ ಆಗಷ್ಟ ಕಣ್ಣು ಬಿಟ್ಟಿತ್ತು. ಮಾಮಾ ಬೋಳಸಿದ ತಲಿ ನೋಡಿದ, ಮೀಸಿ ಇಲ್ಲದ ಮಾರಿ ನೋಡಿದ, ಎದ್ದು ನಿಂತು ಕೈ ಮುಗದ.

"ಅಯ್ಯೋ ಯಜಮಾನ್ರ, ಮುಂಜಾಲೆ ಛಲೋ ಇದ್ರೆಲ್ರಿ. ಯಾರು ತೀರಿಕೊಂಡ್ರು?"

ಅಜ್ಜಾ ಗೋಡಿ ಮ್ಯಾಲಿನ ಕನ್ನಡಿ ನೋಡಿದ. ನುಣ್ಣನ ತಲಿ ಮ್ಯಾಲೆ ಕೈ ಆಡಿಸಿದ. ಆಮ್ಯಾಲೆ ಅಂದ: "ನಿನ್ನ ಕಂಪ್ಯೂಟರ್ ತೀರಿಕೊಂಡೈತಿ ಅಂತ ತಿಳದು ತಗಸೀನಪಾ!"

೨. ಗಿರಣಿ ಕಾಕಾನ ಔಷಧ

ಮಾಮಾಗ ಅವತ್ತ ನಾಚಿಕಿ ಆತು. ಆದ್ರ ತಿಳದವ್ರನ್ನ ಕೇಳಬೇಕು ಅನ್ನೂ ಬುದ್ಧಿ ಬರಲಿಲ್ಲ. ಓಣಿ ತುದಿಗೆ ಹಿಟ್ಟಿನ ಗಿರಣಿ ಇಟ್ಟ ಕಾಕಾ ಒಬ್ಬ ಅದಾನ. ಫ್ಯಾನು, ಸೈಕಲ್ಲು, ರೇಡಿಯೋ, ಯಾವುದು ಕೊಟ್ರೂ ಬಿಚ್ಚತಾನ. ಜೋಡಿಸಿದ್ದು ಯಾರೂ ನೋಡಿಲ್ಲ. ಅವ ಬಂದು ಕಿವಿಗೊಟ್ಟು ಕೇಳಿದ.

"ಈ ಸಪ್ಪಳ ಎಲ್ಲಿಂದ ಬರತೈತಿ?"

ನಾನು ಸುಮ್ನ ಇರಬೇಕಿತ್ತು. ಆದ್ರ ಬಾಯಿ ತುರಿಸಿತು. "ಕಾಕಾ, ಒಳಗ ಒಂದು ತಾಟು ಗರಗರ ತಿರಗತೈತ್ರಿ. ಥೇಟ್ ನಿಮ್ಮ ಗಿರಣಿ ಕಲ್ಲಿನಂಗ."

"ಎಣ್ಣಿ ಯಾವಾಗ ಬಿಟ್ಟೀರಿ?"

"ಕಂಪನಿಯಿಂದ ಬಂದಾಗಿಂದ ಒಣಾನ ತಿರಗಾಕತ್ತೈತ್ರಿ ಪಾಪ."

ಕಾಕಾ ಮಾಮಾನ ಕಡೆ ಹೆಂಗ ನೋಡಿದ ಅಂದ್ರ, ದನಕ್ಕ ನೀರು ಕುಡಸದ ಮನುಷ್ಯಾನ್ನ ನೋಡಿದಂಗ. ಮಾಮಾ ತಲಿ ಕೆಳಗ ಹಾಕಿದ. ಕಾಕಾ ಹಾರ್ಡ್ ಡಿಸ್ಕ್ ಬಿಚ್ಚಿ, "ಇಂಥಾ ಕನ್ನಡಿಯಂಥಾ ತಾಟು! ಎಣ್ಣಿ ಇಲ್ಲದ ಸಾಯಿಸೀರಿ!" ಅಂತ ಬೈದು, ಗಿರಣಿ ಎಣ್ಣಿ ಧಾರಾಳ ಬಿಟ್ಟು, ಮುಚ್ಚಿ, ಸ್ಕ್ರೂ ಬಿಗದ. ಗುಂಡಿ ಒತ್ತಿದ್ವಿ. ಕರ್ ಕರ್ ಇಲ್ಲ. ಪೂರಾ ಶಾಂತ.

"ನೋಡ್ರಿ, ಸಪ್ಪಳ ನಿಂತಿತು," ಅಂದ ಕಾಕಾ.

"ಸಪ್ಪಳ ನಿಂತಿತು ಕರೆ. ಇದು ಯಾಕ ಏಳವಲ್ದು?" ಅಂದ ಮಾಮಾ.

"ಎಣ್ಣಿ ಇಳೀಲಿ. ನಾಳೆ ನೋಡ್ರಿ ಇದರ ಓಟ."

ಮರುದಿನ ಕಾಕಾ ಮುಷ್ಟಿಯಾಗ ಏನೋ ಹಿಡ್ಕೊಂಡು ಬಂದ. ಬಿಚ್ಚಿದ್ರ ಜ್ವಾಳಾ. ಗಿರಣಿ ದುರಸ್ತಿ ಆದ ಮ್ಯಾಲೆ ಮೊದ್ಲ ಒಂದು ಮುಷ್ಟಿ ಕಾಳು ಹಾಕಿ ತಿರಗಿಸಿದ್ರ ಒಳಗಿನ ಹೊಲಸೆಲ್ಲಾ ಹೊರಗ ಬರತೈತಂತ, ಇದಕ್ಕೂ ಹಂಗ ಮಾಡಬೇಕಂತ.

ನಾ ಹೊಟ್ಟಿ ಹಿಡ್ಕೊಂಡು ನೆಲಕ್ಕ ಕುಂತೆ. ಮಾಮಾ ನಗಲಿಲ್ಲ. ಕಂಪ್ಯೂಟರ್ ಡಬ್ಬಿ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಗಂಭೀರವಾಗಿ ಕೇಳಿದ: "ಕಾಕಾ, ಯಾವ ಕಿಂಡ್ಯಾಗ ಹಾಕೂದ್ರಿ?"

೩. ಬೇಗ ಎದ್ದವ

ಹಾರ್ಡ್ ಡಿಸ್ಕ್ ಎಣ್ಣಿ ಕುಡದು ಸತ್ತಿತು. ಆಗ ಕೊಪ್ಪಳದಾಗ ಇಂಜಿನಿಯರಿಂಗ್ ಓದೂ ನಮ್ಮ ದೊಡ್ಡವ್ವನ ಮಗಾ ಬಂದ. ಅವನ ಕಡೆ ಒಂದು ಹಳೇ ಡಿಸ್ಕು ಇತ್ತು. ಅದಕ್ಕ ವಿಂಡೋಸ್ ಬದ್ಲಿ ಲಿನಕ್ಸ್ ಹಾಕಿ ತಂದಿದ್ದ.

"ಮಾಮಾ, ಇದು ಭಾಳ ಹಗೂರ. ಹಳೇ ಡಿಸ್ಕಿನ ಮ್ಯಾಲೂ ಓಡತೈತಿ. ವಿಂಡೋಸ್ ಅಂದ್ರ ಹೊಟ್ಟಿ ಬೆಳಸಿದ ಸಾಹುಕಾರ ಇದ್ದಂಗ, ಏಳಾಕ ನಾಕು ಮಂದಿ ಬೇಕು."

ಕರೇನ ಹೇಳಿದ್ದ. ಗುಂಡಿ ಒತ್ತಿ ನಾ ಚಾ ತರಾಕ ಹೋಗಿ ಬರೂದ್ರಾಗ ಎದ್ದು ಕುಂತಿತ್ತು. ಮಾಮಾ ಖುಷಿಯಾಗಿ ಅವಂಗೂ ಮಿರ್ಚಿ, ಮಂಡಕ್ಕಿ ಒಗ್ಗರಣಿ ತರಿಸಿದ. ತಿನ್ನೂದ್ರಾಗ ಕುಷ್ಟಗಿ ಕಡೆಯ ರೈತ ಒಬ್ಬ ಪಹಣಿ ತಗಸಾಕ ಬಂದ. ಪಹಣಿ ಸ್ಕ್ರೀನ್ ಮ್ಯಾಲೆ ಬಂತು. ಪ್ರಿಂಟರ್ ಮಾತ್ರ ಕೆಮ್ಮಲೂ ಇಲ್ಲ.

"ಎರಡ ಸಾಲು ಬರದ್ರ ಆತು ಮಾಮಾ," ಅಂತ ನಮ್ಮ ಇಂಜಿನಿಯರ್ ಕಮಾಂಡ್ ಹೊಡಿಯೂ ಕರಿ ಸ್ಕ್ರೀನ್ ತಗದು ಬರಿಯಾಕ ಕುಂತ. ಬರದ, ಬರದ, ಬೀಗರಿಗೆ ಪತ್ರಾ ಬರದಂಗ ಬರದ. ಅಳಿಸಿದ, ಮತ್ತ ಬರದ. ಒಗ್ಗರಣಿ ಆರಿತು. ಪ್ರಿಂಟರ್ ಇದ್ದಲ್ಲೇ ಇತ್ತು.

ರೈತ ಮೆಲ್ಲಗ ಎದ್ದ. "ಯಪ್ಪಾ, ನಮ್ಮ ಮನ್ಯಾಗ ಒಬ್ಬ ತಮ್ಮ ಅದಾನ. ಎಲ್ಲಾರ್ಕಿಂತ ಮೊದ್ಲ ಏಳ್ತಾನ. ಎದ್ದು ಕಟ್ಟಿ ಮ್ಯಾಲೆ ಕುಂದ್ರತಾನ, ಇಡೀ ದಿನ ಒಂದ ಕಡ್ಡಿ ಸರಸಂಗಿಲ್ಲ. ಅವಂಗೂ ಇದನ್ನ ಹಾಕಿ ಕೊಟ್ಟವ ನೀನ ಏನು?"

ಅಂತ ಅಂದು, ಎದುರ ತಗದಿದ್ದ ಇನ್ನೊಂದು ಆನ್‌ಲೈನ್ ಅಂಗಡಿಗೆ ಹ್ವಾದ.

೪. ಸೀಟಿ ಊದಿದ ಮ್ಯಾಲೆ

ಎದುರಿನ ಅಂಗಡಿ ಹೊಸಾದು. ಮಾಲಕ ಕರಿ ಚಷ್ಮಾ ಹಾಕ್ಕೊಂಡು ನೆರಳಾಗ ಕುಂದ್ರೂ ಮನುಷ್ಯಾ. ಬಾಗಲಾ ಮ್ಯಾಲೆ ಬೋರ್ಡು: ‘ಗುಂಡಿ ಒತ್ತಿದ್ರ ಚಾಲೂ’. ಗಿರಾಕಿ ಬಂದ ಕೂಡ್ಲೆ ಎಲ್ಲಾರ ಎದುರ ಒಂದ ಬೆರಳಿಲೆ ಗುಂಡಿ ಒತ್ತತಿದ್ದ. ಕಣ್ಣು ಮುಚ್ಚಿ ತಗಿಯೂದ್ರಾಗ ಕಂಪ್ಯೂಟರ್ ತಯಾರ! ಮಂದಿ ಹೋ ಅಂತಿದ್ರು. ನಮ್ಮ ಅಂಗಡ್ಯಾಗ ನೊಣಾ ಸುದ್ದಾ ಕುಂದ್ರೂದು ಬಿಟ್ಟಿದ್ವು.

"ಮುಗೀತು ಅಳಿಯಾ. ಹೆಗಲಿಗೆ ಎಣ್ಣಿ ಹಚ್ಚಿ ಸಜ್ಜು ಮಾಡ್ಕೋ," ಅಂದ ಮಾಮಾ.

ನಾ ಅತ್ತು ಕರದು, ಅವ್ವನ ಕಡಿಂದ ಹೇಳಿಸಿ, ಹಾರ್ಡ್ ಡಿಸ್ಕಿನ ಜಾಗಾದಾಗ ಎಸ್‌ಎಸ್‌ಡಿ ಹಾಕಿಸಿದೆ. ಅದರಾಗ ತಿರಗೂದು ಏನೂ ಇಲ್ಲ, ಸುಮ್ನ ಒಂದು ಚಪ್ಪಟಿ ಡಬ್ಬಿ. ಗಿರಣಿ ಕಾಕಾ ನೋಡಿ "ಇದಕ್ಕ ನನ್ನ ಕಡೆ ಔಷಧ ಇಲ್ಲ" ಅಂತ ಬ್ಯಾಸರಾ ಮಾಡ್ಕೊಂಡ. ಅದೇ ವಿಂಡೋಸ್ ಮತ್ತ ಹಾಕಿದ್ವಿ. ಮುಂಜಾಲೆ ಮಾಮಾ ಬರೂಕಿಂತ ಮೊದ್ಲ ನಾ ಒತ್ತಿದ್ರ ಸಾಕು, ಕುರ್ಚಿ ಎಳ್ಕೊಂಡು ಕುಂದ್ರೂದ್ರಾಗ ಎದ್ದಿರತಿತ್ತು.

ಮಾಮಾಗ ಧೈರ್ಯಾ ಬಂತು. ಎದುರಿನವಂಗ ಸವಾಲ್ ಹಾಕಿದ: ಎರಡೂ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡೂದು, ಯಾರು ಮೊದ್ಲ ಪಹಣಿ ಕೈಗೆ ಕೊಡ್ತಾರೋ ಅವರು ಗೆದ್ದಂಗ. ಸೋತವ ಬೋರ್ಡು ಇಳಿಸಬೇಕು. ನಿರ್ಣಯಕ್ಕ ರಿಟೈರ್ ಆದ ಪಿಟಿ ಮಾಸ್ತರು, ಕೊಳ್ಳಾಗ ಸೀಟಿ. ಓಣಿ ಮಂದಿ ಎಲ್ಲಾ ಸೇರಿದ್ರು. ಯಲಬುರ್ಗಾದ ರೈತ ಒಬ್ಬ ಪಹಣಿಗೆ ಅಂತ ನಡು ರಸ್ತೆದಾಗ ನಿಂತ.

ಸೀಟಿ ಊದಿದ್ರು. ಎದುರಿನವ ಗುಂಡಿ ಒತ್ತಿದ, ಸ್ಕ್ರೀನ್ ಭಗ್ ಅಂತ ಬಂತು. ನನಗ ಮದ್ಲಿಂದ ಒಂದು ಗುಮಾನಿ ಇತ್ತು. ಓಡಿ ಹೋಗಿ ಅವನ ಡಬ್ಬಿ ಮ್ಯಾಲೆ ಕೈ ಇಟ್ಟೆ. ಒಲಿ ಮ್ಯಾಲಿಂದ ಈಗ ಇಳಿಸಿದ ಬೋಗಾಣಿ ಇದ್ದಂಗ!

"ಸರ, ಇದನ್ನ ಬಂದ್ ಮಾಡೇ ಇಲ್ರಿ! ಬರೇ ಸ್ಕ್ರೀನ್ ಬಂದ್ ಮಾಡಿ ಕುಂತಾನ್ರಿ! ಮುಟ್ಟಿ ನೋಡ್ರಿ!"

"ಬಿಸಲಿಗೆ ಕಾದೈತ್ರಿ ಸರ," ಅಂದ ಚಷ್ಮಾದವ.

ಮಾಸ್ತರು ಕಿವಿಗೊಟ್ಟು ಕೇಳಿ, "ಬಿಸಲಿಗೆ ಗುಂಯ್ ಅಂತೈತೇನಲೇ? ಶಿಸ್ತಿಲೆ ಬಂದ್ ಮಾಡು. ಮದ್ಲಿಂದ ಓಟಾ!" ಅಂದ್ರು.

ಅವ ಬೆವರಕೋತ ಬಂದ್ ಮಾಡಿದ. ಅಂಗಡಿ ತಗದಾಗಿಂದ ಅದು ಬಂದ್ ಆಗಿದ್ದಿಲ್ಲ, ಉಳಿಸ್ಕೊಂಡಿದ್ದ ಅಪ್‌ಡೇಟ್ ಎಲ್ಲಾ ಒಮ್ಮೆಲೆ ಚಾಲೂ ಆದ್ವು. ‘ಅಪ್‌ಡೇಟ್ ನಡದೈತಿ, ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ’ ಅಂತ ಬಂತು, ಅದರ ಕೆಳಗ ಚುಕ್ಕಿ ತಿರಗಾಕ ಹತ್ತಿದ್ವು. ಏಳೂದು ಒತ್ತಟ್ಟಿಗಿರ್ಲಿ, ಅದು ಮಲಗಾಕ ತಯಾರ ಇದ್ದಿಲ್ಲ.

"ಅದನ್ನ ಕಾಯೂದಿಲ್ಲ," ಅಂತ ಮಾಸ್ತರು ನಮಗ ಸೀಟಿ ಊದಿದ್ರು. ಮಾಮಾ ಒತ್ತಿದ, ನಮ್ಮದು ಎದ್ದಿತು. ಗೆದ್ವಿ ಅಂತ ನಾ ಕುಣಿಯೂದ್ರಾಗ ಮಾಮಾ ಹಣಿ ಬಡ್ಕೊಂಡ.

"ಊದಿನಕಡ್ಡಿ ಹಚ್ಚೂಕಿಂತ ಮೊದ್ಲ ಎದ್ದೈತಲ್ಲೋ! ಅಪಶಕುನ!" ಅಂತ ಬಂದ್ ಮಾಡಿದ.

ತಿರಗೂ ಡಿಸ್ಕು ಇನ್ನೂ ಗಟ್ಟಿ ಇದ್ದ ಕಾಲದಾಗ ಮಾಮಾ ಗುಂಡಿ ಒತ್ತಿ, ಊದಿನಕಡ್ಡಿ ಬೆಳಗಿ, ಕಾಯಿ ಒಡದು, ಕೈ ಮುಗಿಯೂದಕ್ಕೂ ಅದು ಏಳೂದಕ್ಕೂ ಸರಿ ಹೋಗತಿತ್ತು. ಅದು ಪೂಜಾದಿಂದನ ಏಳತೈತಿ ಅಂತ ಅವನ ನಂಬಿಕಿ. ಮತ್ತ ಒತ್ತಿದ. ಕಡ್ಡಿ ಹತ್ತೂದ್ರಾಗ ಎದ್ದಿತು. ಬಂದ್ ಮಾಡಿದ. ಮತ್ತ ಒತ್ತಿದ. ಕಾಯಿ ಒಡಿಯೂದ್ರಾಗ ಎದ್ದಿತು. ಬಂದ್!

"ಮಾಮಾ, ನಿನ್ನ ಕಾಲು ಬೀಳ್ತೀನಿ! ಹಂಗ ಬಿಡು!"

"ದೇವರಿಗಿಂತ ಅವಸರ ಐತೇನಲೇ ನಿನಗ?"

ಎದುರಿಗೆ ಆ ಅಪ್‌ಡೇಟ್ ಮುಗಿಯಾಕ ಬಂದಿತ್ತು. ತೌಡಿನ ಚೀಲಾ ಕಣ್ಣ ಮುಂದ ಬಂತು. ಮಾಮಾ ಮತ್ತೊಮ್ಮೆ ಒತ್ತಿ ದೇವರ ಫೋಟೋ ಕಡೆ ತಿರಗಿದ ಕೂಡ್ಲೆ ನಾ ಮೆಲ್ಲಕ ಸ್ಕ್ರೀನ್ ಬಂದ್ ಮಾಡಿದೆ. ಕರಿ ಸ್ಕ್ರೀನ್ ನೋಡಿ ಮಾಮಾ ಸಮಾಧಾನದಾಗ ಬೆಳಗಿದ, ಕಾಯಿ ಒಡದ, ಕೈ ಮುಗದು ಕಣ್ಣು ಮುಚ್ಚಿದ. ನಾ ಸ್ಕ್ರೀನ್ ಚಾಲೂ ಮಾಡಿದೆ.

"ನೋಡಿದೇನಲೇ! ಇದಕ್ಕಂತಾರ ಮಹಿಮಾ!" ಅಂತ ಮಾಮಾ ಕೂಗಿದ. ಪಹಣಿ ರೈತನ ಕೈಗೆ ಬಂತು. ಎದುರಿನವ ಬೋರ್ಡು ಇಳಿಸಿದ. ಅವ ಮಾಡಿದ್ದು ಮೋಸಾ, ನಾ ಮಾಡಿದ್ದು ಮಹಿಮಾ.

೫. ಗೆದ್ದ ಮ್ಯಾಲೆ

ಗಿರಾಕಿ ಎಲ್ಲಾ ತಿರಗಿ ಬಂದ್ರು. ಬಂದವ್ರು ಕುಂದ್ರೂದ್ರಾಗ ಪಹಣಿ ಕೈಯಾಗ. ನಾ ಒಂದು ನಗಿ ಮಾತು ಚಾಲೂ ಮಾಡೂದ್ರಾಗ ಗಿರಾಕಿ ಮೆಟ್ಟಲಾ ಇಳದಿರತಿದ್ದ. ಮಾಮಾ ಒಂದು ವಾರ ಸುಮ್ನ ನೋಡಿದ.

"ಅಳಿಯಾ, ಕುಂತ ಮಂದಿನ್ನ ನಗಿಸಾಕ ನಿನ್ನ ಇಟ್ಕೊಂಡಿದ್ದೆ. ಈಗ ಯಾರೂ ಕುಂದ್ರಂಗ ಇಲ್ಲ. ನಡಿ, ಮಿಲ್ಲಿಗೆ ಬಿಟ್ಟ ಬರ್ತೀನಿ."

ಅಂಗಡಿ ಮುಚ್ಚಿದ್ರ ಚೀಲಾ ಅಂತ ಹೆದರಿ ನಾನ ಗೆಲ್ಲಿಸಿದೆ. ಗೆದ್ದದ್ದಕ್ಕ ಚೀಲಾ ಬಂತು.

ಶ್ರೀರಾಮನಗರದ ಮಿಲ್ಲಿನಾಗ ಮೊದಲನೇ ಚೀಲಕ್ಕ ನನ್ನ ಬೆನ್ನು ಕೊಡೂದ್ರಾಗ ನಾನು ಕೆಳಗ, ಚೀಲಾ ಮ್ಯಾಲೆ. ಎಳದು ತಗದು ಆಫೀಸಿನ ಬಾಗಲಾಗ ಮಲಗಿಸಿದ್ರು. ಕಣ್ಣು ಬಿಟ್ಟು ನೋಡ್ತೀನಿ, ಗುಮಾಸ್ತನ ಎದುರ ಒಂದು ಮುದಿ ಕಂಪ್ಯೂಟರ್. ಕರ್ ಕರ್ ಕರ್. ಬಿಳಿ ಚುಕ್ಕಿ ತಿರಗಾಕತ್ತಾವ. ಹೊರಗ ತೂಕದ ಚೀಟಿ ಸಲುವಾಗಿ ಲಾರಿ ಸಾಲಾಗಿ ನಿಂತಾವ, ಡ್ರೈವರುಗಳು ಕಿಡಕಿಗೆ ಬಂದು ಗುಮಾಸ್ತನ ಅಪ್ಪನ್ನ, ಅಜ್ಜನ್ನ ಬೈಯಾಕತ್ತಾರ. ನಾ ಮೈ ಮ್ಯಾಲಿನ ತೌಡು ಝಾಡಿಸಿ ಎದ್ದು, ಅವರಿಗೆ ಅಳವಂಡಿ ಅಜ್ಜನ ಮೀಸಿ ಕತಿ ಚಾಲೂ ಮಾಡಿದೆ. ಬೈಗುಳ ನಿಂತಿತು. ನಗಿ ಕೇಳಿ ಮಿಲ್ ಮಾಲಕ್ರು ಒಳಗ ಬಂದ್ರು. ಅವರು ತೆಲುಗು ಮಂದಿ.

"ಏಮ್ರಾ ಹುಡುಗಾ, ನೀನು ಕಂಪ್ಯೂಟರ್ ಅಂಗಡ್ಯಾಗ ಇದ್ದೆಯಂತಲ್ಲ. ಅದೇನೋ ಎಸ್‌ಎಸ್‌ಡಿ ಹಾಕಿದ್ರೆ ಇದು ಬೇಗ ಏಳ್ತದಂತೆ, ನಿಜಾನಾ?"

ನಾ ಚುಕ್ಕಿ ನೋಡಿದೆ. ಹೊರಗ ಒಟ್ಟಿದ್ದ ಚೀಲಾ ನೋಡಿದೆ. ಗುಮಾಸ್ತನ ಬಾಜೂಕ ಒಂದು ಕುರ್ಚಿ ಖಾಲಿ ಇತ್ತು, ಅದರ ಮ್ಯಾಲೆ ಕುಂತೆ.

"ಬರೇ ಸುಳ್ಳ್ರಿ ಸಾಹುಕಾರ್ರ. ಇದರಂಥಾ ಗಟ್ಟಿ ಮಾಲು ಈಗ ಎಲ್ಲಿ ಸಿಗತೈತ್ರಿ? ಯಾರು ಏನ ಹೇಳಿದ್ರೂ ಇದನ್ನ ಮಾತ್ರ ಬದಲಿಸಬ್ಯಾಡ್ರಿ."